ಕಣ್ಣಿರುವ ಮಾವಿನಕಾಯಿ

ನಾನು ಮೀನು ಓದಿದವಳು. ಹಿಡಿದವಳಲ್ಲ, ತಿಂದವಳಲ್ಲ, ಓದಿದವಳು ಅಷ್ಟೆ. ಹಿಂದೂಪುರದ ಕಾಲೇಜಿಗೆ ಡಿಗ್ರಿ ಸೇರಲು ಹೋದ ದಿನ ಗಣಿತದ ಸಾಲು ಬಿಸಿಲಿನಲ್ಲಿತ್ತು, ಪ್ರಾಣಿಶಾಸ್ತ್ರದ ಸಾಲು ಬೇವಿನ ಮರದ ನೆರಳಿನಲ್ಲಿತ್ತು. ನಾನು ನೆರಳಿಗೆ ಹೋಗಿ ನಿಂತೆ. ನನ್ನ ವಿದ್ಯಾಭ್ಯಾಸದ ಹಿಂದಿದ್ದ ಘನ ಉದ್ದೇಶ ಇದಕ್ಕಿಂತ ಹೆಚ್ಚೇನೂ ಅಲ್ಲ.

ಎಂಬತ್ತರ ದಶಕ ಆಗತಾನೇ ಶುರುವಾಗಿತ್ತು. ನಮ್ಮದು ನೇಯ್ಗೆಯವರ ಮನೆ. ನಡುಮನೆಯಲ್ಲಿ ನೆಲ ತೋಡಿ ಕೂರಿಸಿದ ಗುಂಡಿಮಗ್ಗ, ಆ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತ ಅಪ್ಪ, ಪಕ್ಕದಲ್ಲಿ ಕಂಡಿಕೆಗೆ ರೇಷ್ಮೆ ಸುತ್ತುತ್ತಾ ಬಾಯಿಗೆ ಬಿಡುವು ಕೊಡದ ಅಮ್ಮ. ಹಬ್ಬಕ್ಕೆ ಕುರಿ ತಿನ್ನುತ್ತಿದ್ದೆವು, ಮೀನಿನ ಸಂಗವೇ ಇರಲಿಲ್ಲ. ಸಮುದ್ರವೆಂಬುದು ನಮ್ಮೂರಿಂದ ಯಾವ ದಿಕ್ಕಿಗೆ ಹೊರಟರೂ ಸುಲಭಕ್ಕೆ ಸಿಗುವ ಪದಾರ್ಥವಲ್ಲ. ಸಂತೆಯಲ್ಲಿ ಒಣಮೀನಿನ ಗುಡ್ಡೆಗಳ ಸಾಲು ಬಂದರೆ ಅಮ್ಮ ಸೆರಗನ್ನು ಮೂಗಿಗೆ ಒತ್ತಿಕೊಂಡು, ಅದನ್ನೆಲ್ಲ ನಾನೇ ತಂದು ಸುರಿದೆನೋ ಎಂಬಂತೆ ನನ್ನನ್ನು ನೋಡುತ್ತಿದ್ದಳು.

ನಮಗೆ ಪ್ರಾಣಿಶಾಸ್ತ್ರ ಹೇಳಲು ಬಂದ ಮೇಷ್ಟ್ರು ಕರಾವಳಿಯ ಆಂಧ್ರದವರು. ಯಾರ ಶಾಪವೋ, ಹಿಂದೂಪುರಕ್ಕೆ ವರ್ಗವಾಗಿ ಬಂದುಬಿಟ್ಟಿದ್ದರು. ಮೊದಲ ದಿನ ತರಗತಿಗೆ ಬಂದು, ಮೀನು ಈಜುವುದನ್ನು ಕಣ್ಣಾರೆ ಕಂಡವರು ಕೈ ಎತ್ತಿ ಎಂದರು. ಇಬ್ಬರು ಕೈ ಎತ್ತಿದರು. ಅವರಲ್ಲಿ ಒಬ್ಬ ಕಂಡದ್ದು ದೇವಸ್ಥಾನದ ಕಲ್ಯಾಣಿಯಲ್ಲಿ ಗೊದಮೊಟ್ಟೆಯನ್ನು ಎಂದು ಆಮೇಲೆ ಗೊತ್ತಾಯಿತು. "ಚೇಪನಿ ಚೂಡನಿ ವಾಳ್ಳಕಿ ಚೇಪ ಪಾಠಂ, ನಾ ಕರ್ಮ" ಎಂದು ಮೇಷ್ಟ್ರು ಹಣೆಗೆ ಕೈ ಹಚ್ಚಿಕೊಂಡರು. ಮೀನನ್ನೇ ಕಾಣದವರಿಗೆ ಮೀನಿನ ಪಾಠ ಹೇಳುವುದು ಕರ್ಮವಲ್ಲದೆ ಇನ್ನೇನು, ನಾವೂ ಒಪ್ಪಿಕೊಂಡೆವು.

ಅವರ ಬಳಿ ಯೂರೋಪಿನ ಕಡೆಯ ಮೀನುಗಳ ಬಣ್ಣದ ಚಿತ್ರಗಳಿದ್ದ ಹಳೆಯ ಪುಸ್ತಕವೊಂದಿತ್ತು. ಒಬ್ಬೊಬ್ಬರಿಗೆ ಒಂದೊಂದು ಪುಟ ಹಂಚಿ, ಚಿತ್ರ ಬರೆದು ಅದರ ಬದುಕನ್ನು ರೆಕಾರ್ಡಿನಲ್ಲಿ ಬರೆಯಲು ಹೇಳಿದರು. ನನ್ನ ಪಾಲಿಗೆ ಬಂದದ್ದು ಸಿಂಫೋಡಸ್ ಎಂಬ ಕುಲ. ರಾಸ್ ಎಂದು ಕರೆಯುವ ದಪ್ಪ ತುಟಿಯ ಮೀನುಗಳ ದೊಡ್ಡ ವಂಶದಲ್ಲಿ ಇವರದೊಂದು ಕವಲು. ತೀರಾ ಚಳಿಯೂ ಅಲ್ಲದ, ತೀರಾ ಬಿಸಿಯೂ ಅಲ್ಲದ ಸಮುದ್ರದ ಅಂಚಿನಲ್ಲಿ, ಪಾಚಿ ಬೆಳೆದ ಬಂಡೆಗಳ ಸಂದಿಯಲ್ಲಿ ವಾಸ. ಚಿತ್ರದಲ್ಲಿದ್ದ ಗಂಡಿಗೆ ಇಟ್ಟಿಗೆಗೆಂಪು ಮೈ, ಕೆನ್ನೆಯ ಮೇಲೆ ನೀಲಿ ಹಸಿರು ಗೀರು, ಬಾಲದ ಬುಡದಲ್ಲಿ ಕಪ್ಪು ಬೊಟ್ಟು. ಮದುವೆ ಮನೆಗೆ ಹೊರಟ ನಮ್ಮ ಸೋದರಮಾವನಂತೆ ತುಟಿ ಉಬ್ಬಿಸಿಕೊಂಡಿತ್ತು.

ಸಂಜೆ ಮಗ್ಗದ ಪಕ್ಕದಲ್ಲಿ ಕೂತು ಅದನ್ನು ಬರೆಯುತ್ತಿದ್ದೆ. ಅಪ್ಪ ಲಾಳಿ ನಿಲ್ಲಿಸಿ ಬಗ್ಗಿ ನೋಡಿದ.

"ಏನ್ ಮಾಡ್ತದಮ್ಮ ಇದು?"

"ಗೂಡು ಕಟ್ತದೆ."

"ಮೀನು ಗೂಡು ಕಟ್ತದಾ? ಯಾವನ್ ಹೇಳ್ದ ನಿಂಗೆ?"

ಪುಸ್ತಕದಲ್ಲಿದ್ದದ್ದನ್ನು ಹೇಳಿದೆ. ಮೊಟ್ಟೆಯ ಕಾಲ ಬಂದಾಗ ಗಂಡುಮೀನು ಬಂಡೆಯ ಸಂದಿ ಹುಡುಕಿ, ಬಾಯಲ್ಲಿ ಪಾಚಿ ಕಚ್ಚಿ ತಂದು ತಂದು ಹೆಣೆಯುತ್ತದೆ. ಒರಟು ಪಾಚಿ ಹೊರಗಿನ ಕಟ್ಟಿಗೆ, ಮೆತ್ತನೆಯದು ಒಳಗೆ ಮೊಟ್ಟೆ ಅಂಟಲು. ಮೂತಿಯಿಂದ ಒತ್ತಿ ಒತ್ತಿ ಬಿಗಿಮಾಡುತ್ತದೆ. ಹೆಣ್ಣು ಬಂದು, ಗೂಡು ನೋಡಿ, ಒಪ್ಪಿಗೆಯಾದರೆ ಮೊಟ್ಟೆಯಿಟ್ಟು ಹೊರಟುಹೋಗುತ್ತದೆ. ಆಮೇಲೆ ಗಂಡೇ ರೆಕ್ಕೆ ಬೀಸಿ ಗಾಳಿ ಹಾಕುತ್ತಾ, ಬಂದವರನ್ನು ಓಡಿಸುತ್ತಾ ಮರಿಯಾಗುವ ತನಕ ಕಾಯುತ್ತದೆ.

ಅಮ್ಮನ ಕೈಯ ರಾಟೆ ನಿಂತಿತು. "ಮೊಟ್ಟೆ ಇಕ್ಬಿಟ್ಟು ಹೊಂಟೋಯ್ತಾಳಂತಾ? ಯಾವ ಜನ್ಮದ ಪುಣ್ಯಾನೋ ಕಣಮ್ಮ!"

ಅಪ್ಪ ಮಾತ್ರ ನಗಲಿಲ್ಲ. "ಒರಟು ಎಳೆ ಹೊರಕ್ಕೆ, ನಯದ್ದು ಒಳಕ್ಕೆ," ಎಂದು ತನ್ನಷ್ಟಕ್ಕೆ ಹೇಳಿಕೊಂಡ. "ಇದು ನಮ್ಮೋನೇ ಕಣೇ. ನೇಯೋನು."

ಇನ್ನೊಂದು ಸಂಗತಿಯನ್ನೂ ಹೇಳಿದೆ. ಕೆಲವು ಸಣ್ಣ ಗಂಡುಗಳು ಗೂಡು ಕಟ್ಟುವ ಗೋಜಿಗೇ ಹೋಗುವುದಿಲ್ಲ. ಹೆಣ್ಣಿನ ಹಾಗೆಯೇ ಮಂಕು ಬಣ್ಣದಲ್ಲಿದ್ದುಕೊಂಡು, ಹೆಣ್ಣು ಮೊಟ್ಟೆಯಿಡುವ ಹೊತ್ತಿಗೆ ಬೇರೆಯವನ ಗೂಡಿಗೆ ನುಗ್ಗಿ ತಮ್ಮ ಕೆಲಸ ಮುಗಿಸಿಕೊಂಡು ಪರಾರಿಯಾಗುತ್ತವೆ. ಕಾಯುವ ಕೂಲಿ ಮಾತ್ರ ಗೂಡಿನವನದು. ಹತ್ತೊಂಬತ್ತು ವರ್ಷದ ಹುಡುಗಿ ಅಪ್ಪನೆದುರು ಹೇಳುವ ಮಾತಲ್ಲ. ಆದರೆ ವಿಜ್ಞಾನ ಎಂದರೆ ಏನು ಬೇಕಾದರೂ ಹೇಳಬಹುದಿತ್ತು.

"ನಮ್ ಬೀದೀಲೂ ಅಂತೋರು ಅವ್ರೆ ಬಿಡು," ಎಂದ ಅಪ್ಪ. ಯಾರೆಂದು ಅಮ್ಮ ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ.

ಇದಾದ ಸ್ವಲ್ಪ ದಿನಕ್ಕೆ ಕಲ್ಯಾಣದುರ್ಗದ ಸಾಹುಕಾರರೊಬ್ಬರು ನಮ್ಮ ಮನೆ ಹುಡುಕಿಕೊಂಡು ಬಂದರು. ಕಡಲೆಕಾಯಿ ಎಣ್ಣೆಯ ವ್ಯಾಪಾರ, ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗ. ಹಿಂದೂಪುರದ ಬೆಲ್ಲದ ಮಂಡಿಗೆ ಬಂದವರು ಮಗಳ ಮದುವೆಯ ಮುಹೂರ್ತದ ಸೀರೆಗೆ ನೇಕಾರನನ್ನೂ ಗೊತ್ತುಮಾಡಿಕೊಂಡು ಹೋಗೋಣವೆಂದು ಬಂದಿದ್ದರು.

"ನೋಡಪ್ಪ, ಮಾವಿನಕಾಯಿ, ನವಿಲು, ಹಂಸ, ಇವನ್ನೆಲ್ಲ ನೋಡಿ ನೋಡಿ ಸಾಕಾಗೈತೆ. ಕಲ್ಯಾಣದುರ್ಗದಾಗೆ ಯಾರ ಮೈಮ್ಯಾಲೂ ಇಲ್ದೇ ಇರೋಂಥದ್ದು ನೇದ್ಕೊಡು. ಏನ್ ಬೇಕಾದ್ರೂ ಹಾಕು. ನಮ್ ಹೆಂಗಸ್ರಿಗೆ ಒಪ್ಪಿದ್ರೆ ಬೀಗರಿಗೆ ಕೊಡೋ ಒಂದ್ ಡಜನ್ ಸೀರೇನೂ ನಿಂದೇ."

ಏನು ಬೇಕಾದರೂ ಹಾಕು ಎಂಬ ಮಾತನ್ನು ಅಪ್ಪನ ಮೂವತ್ತು ವರ್ಷದ ನೇಯ್ಗೆಯಲ್ಲಿ ಯಾರೂ ಆಡಿರಲಿಲ್ಲ. ಅಂಗಡಿಯವರು ಹೇಳಿದ ಮಾವಿನಕಾಯಿ, ಅಂಗಡಿಯವರು ಹೇಳಿದ ಬಣ್ಣ, ಅಂಗಡಿಯವರು ಹೇಳಿದ ಅಳತೆ. ಅವನು ನೇಯ್ದ ಮಾವಿನಕಾಯಿಗಳನ್ನೆಲ್ಲ ಉಪ್ಪಿನಕಾಯಿ ಹಾಕಿದ್ದರೆ ಅನಂತಪುರ ಜಿಲ್ಲೆಗೆ ಒಂದು ತಲೆಮಾರು ಸಾಲುತ್ತಿತ್ತು. ಸಾಹುಕಾರರು ಬಸ್ಸು ಹತ್ತುವ ಮೊದಲೇ ಅಪ್ಪ ನನ್ನ ರೆಕಾರ್ಡು ಕೈಗೆತ್ತಿಕೊಂಡಿದ್ದ.

"ಇವನನ್ನ ಗ್ರಾಫಿಗೆ ಇಳಿಸಮ್ಮ. ಸಾಯೋದ್ರೊಳಗೆ ಒಂದು ನಂದು ಅಂತ ನೇಯ್ಬೇಕು. ಉಟ್ಕೊಂಡೋಳಿಗೆ ಅದು ಏನು ಅಂತ ಗೊತ್ತಿರ್ಬೇಕು. ಅಷ್ಟಾದ್ರೆ ಸಾಕು."

ಗ್ರಾಫು ಎಂದರೆ ಚೌಕುಳಿ ಕಾಗದದ ಮೇಲೆ ಬುಟ್ಟಾದ ಒಂದೊಂದು ಎಳೆಯನ್ನೂ ಚುಕ್ಕಿಯಾಗಿ ತುಂಬುವುದು. ಅದನ್ನು ನೋಡಿ ರಟ್ಟಿನ ಪಟ್ಟಿಗಳಿಗೆ ತೂತು ಹೊಡೆಯುತ್ತಾರೆ, ಆ ರಟ್ಟಿನ ಮಾಲೆ ಮಗ್ಗದ ನೆತ್ತಿಯ ಮೇಲಿನ ಜಕಾರ್ಡಿನಲ್ಲಿ ಸುತ್ತುತ್ತಾ ಹೋದಂತೆ ಕೆಳಗೆ ಬುಟ್ಟಾ ಏಳುತ್ತದೆ. ಊರಿನಲ್ಲಿ ಇದಕ್ಕೆಂದೇ ಇದ್ದವರು ಬೇರೆ. ಅಪ್ಪ ಅವರ ಬಳಿಗೆ ಹೋಗಲಿಲ್ಲ. ಅವರು ಮೀನನ್ನೂ ಮಾವಿನಕಾಯಿ ಮಾಡಿಬಿಡುತ್ತಾರೆ ಎಂದು ಅವನ ಭಯ. ಆ ಕೆಲಸವನ್ನು ಮಾಡುವ ಭಾಗ್ಯ ನನಗಿತ್ತು.

ಆದದ್ದು ಹೀಗೆ. ಮಗ್ಗದ ಮೇಲೆ ಅಡ್ಡಡ್ಡ ಮಲಗಿಸಿದ ಬುಟ್ಟಾ, ಸೀರೆ ಉಟ್ಟಾಗ ಸೊಂಟದ ಸುತ್ತ ನೆಟ್ಟಗೆ ನಿಲ್ಲುತ್ತದೆ. ಬೆನ್ನ ಮೇಲೆ ಇಳಿಬೀಳುವ ಸೆರಗಿನಲ್ಲಿ ಮಾತ್ರ ಅದು ಹೇಗಿತ್ತೋ ಹಾಗೇ ಅಡ್ಡ ಉಳಿಯುತ್ತದೆ. ಅದಕ್ಕೇ ತಿಳಿದವರು ಒಡಲಿಗೊಂದು, ಸೆರಗಿಗೊಂದು ಎಂದು ಎರಡು ಗ್ರಾಫು ಹಾಕುತ್ತಾರೆ. ನಾನು ಪುಸ್ತಕದಲ್ಲಿದ್ದಂತೆ ಮೀನನ್ನು ಅಡ್ಡಲಾಗಿ ಬರೆದೆ, ಎಳೆಗಳ ಲೆಕ್ಕ ಕೂಡದೆ ರೆಕ್ಕೆ ಕತ್ತರಿಸಿದೆ, ತುಟಿ ಉಜ್ಜಿಹಾಕಿದೆ, ಬಾಲ ಕೊಂಚ ಡೊಂಕು ಮಾಡಿದೆ. ಇಡೀ ಸೀರೆಗೆ ಅದೊಂದೇ ಸಾಕು ಎಂದೆ. ಕೂತ ಜಾಗದಿಂದ ಅಪ್ಪನಿಗೆ ಯಾವಾಗಲೂ ಅದು ಈಜುವ ಮೀನಾಗಿಯೇ ಕಾಣುತ್ತಿತ್ತು. ಅದೂ ಉಲ್ಟಾ ಕಡೆಯಿಂದ. ನಮ್ಮ ಮಗ್ಗದಲ್ಲಿ ಸೀರೆಯ ಮುಖ ಕೆಳಗಿರುತ್ತಿತ್ತು, ಗುಂಡಿಯೊಳಗೆ ಕನ್ನಡಿ ಹಿಡಿದರೆ ಸರಿಭಾಗ ಕಾಣುತ್ತಿತ್ತು.

ಒಡಲಿಗೆ ನೀಲಿ ಹಾಸು, ಹಸಿರು ಹೊಕ್ಕು. ಅಲ್ಲಾಡಿಸಿದರೆ ನೀರಿನಂತೆ ಬಣ್ಣ ಬದಲಾಗುತ್ತಿತ್ತು. ಬುಟ್ಟಾ ಜರಿಯದು. ನನ್ನ ಗ್ರಾಫಿನಲ್ಲಿ ಕಣ್ಣಿರಲಿಲ್ಲ. ಅಪ್ಪ ಒಂದೊಂದು ಮೀನಿಗೂ ಕೆಂಪು ರೇಷ್ಮೆಯ ತುಂಡೆಳೆಯನ್ನು ಬೆರಳಿನಿಂದಲೇ ಹಾಯಿಸಿ ಕಣ್ಣು ಕೂರಿಸಿದ. ಒಂದು ಸಾಲಿಗೆ ಎಷ್ಟು ಕಣ್ಣೋ ಅಷ್ಟು ಸಲ ಲಾಳಿ ನಿಲ್ಲಬೇಕು. ತಿಂಗಳಾದರೂ ಸೀರೆ ಇಳಿಯಲಿಲ್ಲ. ಅಮ್ಮ ಬೈದಳು, ಅತ್ತಳು, ಕೊನೆಗೆ ಮೀನಿನ ಜೊತೆ ಮಾತು ಬಿಟ್ಟಳು.

ಸೀರೆಯನ್ನು ಮಗ್ಗದಿಂದ ಕತ್ತರಿಸಿ ಇಳಿಸಿದ ದಿನ ಅಮ್ಮ ಅದನ್ನು ಉದ್ದಕ್ಕೆ ಹಾಸಿ, ಪಕ್ಕದಲ್ಲಿ ಕೂತು ನೋಡಿ, "ಅಯ್ಯೋ, ಮಾವಿನಕಾಯಿ!" ಎಂದು ಖುಷಿಯಿಂದ ಕೈ ತಟ್ಟಿದಳು. ನಾವು ಓಡಿಹೋಗಿ ಅವಳ ಪಕ್ಕದಲ್ಲಿ ಕೂತು ನೋಡಿದೆವು. ನಿಜವೇ. ತಲೆ ಕೆಳಗೆ, ಡೊಂಕು ಬಾಲ ಮೇಲೆ, ಸಾಲಿಗೆ ಸಾಲು ಮಾವಿನಕಾಯಿ. ಸೆರಗಿನ ತುದಿಗೆ ಹೋಗಿ ಕೂತರೆ ಅವೇ ಮೀನು. ಅಪ್ಪನ ಮುಖ ಸಣ್ಣದಾಯಿತು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ಮಾವಿನಕಾಯಿ ಅಂತ್ಲೇ ಹೇಳಿ ಕೊಟ್ಬುಟ್ಟು ಬನ್ನಿ," ಎಂದಳು ಅಮ್ಮ. "ಲಿಂಗ ಕಟ್ಕೊಂಡೋರ ಮನೆ. ಕೋಳಿಮೊಟ್ಟೆ ಕಂಡ್ರೂ ಮೂಗ್ ಮುಚ್ಕೋತಾರೆ. ಮುಹೂರ್ತದ ಸೀರೇಲಿ ಮೀನು ಅಂದ್ರೆ ನಿಮ್ಮನ್ನ ಕಂಬಕ್ಕೆ ಕಟ್ತಾರೆ. ನನ್ನಾಣೆ, ಬಾಯ್ ಬಿಡ್ಬ್ಯಾಡಿ."

ಅದುವರೆಗೂ ಅಪ್ಪನಿಗೆ ಇದು ಹೊಳೆದೇ ಇರಲಿಲ್ಲ. ಮೀನು ತಿನ್ನುವ ವಸ್ತು ಎಂಬುದು ಅವನ ತಲೆಯಲ್ಲೇ ಇರಲಿಲ್ಲ. ಅವನ ಪಾಲಿಗೆ ಅದು ಕುಲದ ಒಬ್ಬ ಕಸುಬುದಾರ. ಅಮ್ಮ ಹೇಳಿದ ಮೇಲೆ ಬಿಳುಚಿಕೊಂಡು, ಹೂಂ ಎಂದು ಆಣೆಗೆ ತಲೆಯಾಡಿಸಿದ.

ಸೋಮಂದೇಪಲ್ಲಿ ದಾಟಿ, ಪೆನುಕೊಂಡದಲ್ಲಿ ಬಸ್ಸು ಬದಲಾಯಿಸಿ, ಕಲ್ಯಾಣದುರ್ಗ ಸೇರುವ ತನಕ ಅಪ್ಪ ನನ್ನ ಪಕ್ಕದಲ್ಲಿ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಮೀನಿಗೆ ಗಾಳಿ ಬೇಕೆಂದೋ ಏನೋ, ಕಿಟಕಿ ತೆಗೆದೇ ಇಟ್ಟಿದ್ದ.

ಸಾಹುಕಾರರ ಪಡಸಾಲೆಯಲ್ಲಿ ಚಾಪೆ ಹಾಸಿ ಸೀರೆ ಬಿಚ್ಚಿದೆವು. ಉದ್ದಕ್ಕೂ ಒಂದು ಪಕ್ಕದಲ್ಲಿ ಸಾಹುಕಾರರು, ಅವರ ಹೆಂಡತಿ, ನೆಂಟರ ಹೆಂಗಸರು. ಸೆರಗಿನ ತುದಿಯಲ್ಲಿ ಗೋಡೆಗೊರಗಿ ಸಾಹುಕಾರರ ತಾಯಿ, ಹಲ್ಲಿಲ್ಲದ ಮುದುಕಿ. ಮದುಮಗಳು ಬಾಗಿಲ ಮರೆಯಲ್ಲಿದ್ದಳು, ಬಳೆ ಸದ್ದು ಮಾತ್ರ ಕೇಳುತ್ತಿತ್ತು. ಆ ಮನೆಯ ಪದ್ಧತಿ ಎಂದರೆ, ಸೀರೆ ಒಪ್ಪಿದರೆ ಮನೆಯ ಮುತ್ತೈದೆ ಹೆಬ್ಬೆರಳಲ್ಲಿ ಅರಿಸಿನ ತೆಗೆದುಕೊಂಡು ಅದರ ಮೂಲೆಗೆ ಹಚ್ಚಬೇಕು. ಹಚ್ಚಿದ ಮೇಲೆ ಸೀರೆ ಮನೆಯದು, ನೇಕಾರ ತಾಂಬೂಲ ತೆಗೆದುಕೊಂಡು ಏಳಬಹುದು.

"ಆಹಾ, ಏನ್ ಮಾವಿನಕಾಯಿ!" ಎಂದರು ಸಾಹುಕಾರರು. ಮಾವಿನಕಾಯಿ ನೋಡಿ ಸಾಕಾಗಿದೆ ಎಂದವರು ಇವರೇ. "ನೋಡು, ಹೊಸಾ ತರ ಐತೆ. ತೊಟ್ಟಿನತ್ರ ಕೆಂಪು ಬೊಟ್ಟು ಇಟ್ಟವ್ನೆ."

"ಹಣ್ಣಾಗೋ ಗುರ್ತು," ಎಂದಳು ನೆಂಟರ ಹೆಂಗಸೊಬ್ಬಳು. ಜನ ಒಮ್ಮೆ ಮಾವಿನಕಾಯಿ ಎಂದುಕೊಂಡ ಮೇಲೆ ಉಳಿದದ್ದನ್ನು ತಾವೇ ಹೊಂದಿಸಿಕೊಳ್ಳುತ್ತಾರೆ. ನಾನು ಒಳಗೊಳಗೇ ಅಮ್ಮನಿಗೆ ಕೈಮುಗಿದೆ.

ಸಾಹುಕಾರರ ಹೆಂಡತಿ ಅರಿಸಿನದ ಬಟ್ಟಲಿಗೆ ಹೆಬ್ಬೆರಳು ಅದ್ದಿದರು. ಅಷ್ಟರಲ್ಲಿ ಮುದುಕಿ ಸೆರಗಿನ ಮೇಲೆ ಬಗ್ಗಿ, "ಏನೇ ಇದು, ಇದುಕ್ಕೆ ಕಣ್ಣೈತೆ. ಮೀನಿದ್ದಂಗೈತೆ!" ಎಂದಳು.

"ಸುಮ್ಕಿರಮ್ಮ," ಎಂದು ಸಾಹುಕಾರರು ರೇಗಿದರು. "ಪೊರೆ ಬಂದಿರೋ ಕಣ್ಣಾಗೆ ಏನೇನೋ ಕಾಣ್ತದೆ. ಮಾವಿನಕಾಯಿ ಅದು."

ಎಲ್ಲರೂ ನಕ್ಕರು. ಮುದುಕಿ ಕಣ್ಣು ಉಜ್ಜಿಕೊಂಡು, ಮತ್ತೆ ನೋಡಿ, ತನಗೇ ಮರುಳೆಂಬಂತೆ ಹಿಂದಕ್ಕೆ ಒರಗಿದಳು. ನಾನು ಅಪ್ಪನ ಕಡೆ ನೋಡಿದೆ. ನೋಡಬಾರದಿತ್ತು. ಅವನ ಕೆಳತುಟಿ ಉಬ್ಬಿತ್ತು. ಪುಸ್ತಕದ ಮೀನಿನ ತುಟಿಯೇ.

"ಅಜ್ಜಿ ಕಣ್ಣು ಸರ್ಯಾಗೈತೆ ಸಾವ್ಕಾರ್ರೆ," ಎಂದ ಅಪ್ಪ. "ಅದು ಮೀನು."

ಹೆಬ್ಬೆರಳು ಸೀರೆಯಿಂದ ಗೇಣು ಮೇಲೆ ನಿಂತುಬಿಟ್ಟಿತು. ನಾನು "ಅಪ್ಪಾ!" ಎಂದೆ. ಅವನು ನಿಲ್ಲಿಸಲಿಲ್ಲ. ಇದು ದೂರದ ಸಮುದ್ರದ್ದು, ತಿನ್ನೋರ ಕಣ್ಣಿಗೂ ಬೀಳದೆ ಬಂಡೆ ಸಂದಿಯಲ್ಲಿ ಮರ್ಯಾದೆಯಿಂದ ಬದುಕೋದು, ಗೂಡು ನೇಯ್ತದೆ, ಮೊಟ್ಟೆ ಕಾಯ್ತದೆ, ಹೆಂಡ್ತೀಗೆ ಕಷ್ಟ ಕೊಡಲ್ಲ, ಮದುವೆ ಸೀರೆಗೆ ಇದಕ್ಕಿಂತ ಶುಭ ಯಾವುದು ಎಂದು ಒಂದೇ ಉಸಿರಿಗೆ ಹೇಳಿದ. ಹೆಣ್ಣಿನ ಬಣ್ಣದಲ್ಲಿ ನುಗ್ಗುವವರ ಸಂಗತಿಯನ್ನು ಬಿಟ್ಟ. ಅಷ್ಟು ಲೋಕಜ್ಞಾನ ಉಳಿದಿತ್ತು.

"ಶಿವ ಶಿವಾ!" ಸಾಹುಕಾರರು ಎದ್ದು ನಿಂತರು. "ಲಿಂಗವಂತರ ಮದುವೇಲಿ ಮದುಮಗ್ಳು ಮೀನು ಹೊತ್ಕೊಂಡು ಕೂರ್ಬೇಕೇನಯ್ಯಾ? ಬುದ್ಧಿ ಐತಾ ನಿಂಗೆ? ಸುತ್ಕೊಂಡ್ ನಡಿ!"

ಸುತ್ತಿಕೊಂಡು ನಡೆದೆವು. ಕೋಪದಲ್ಲೂ ಆ ಮನೆಯವರು ಮಜ್ಜಿಗೆ ಕುಡಿಸದೆ ಕಳಿಸಲಿಲ್ಲ, ಅದನ್ನು ಹೇಳಲೇಬೇಕು. ಲೋಟವನ್ನು ನಾವೇ ತೊಳೆದಿಟ್ಟು ಬಂದೆವು. ಬಸ್‌ಸ್ಟ್ಯಾಂಡಿನಲ್ಲಿ ನಾನು ಅಪ್ಪನ ಮೇಲೆ ಹರಿಹಾಯ್ದೆ. ಒಂದು ಡಜನ್ ಸೀರೆ ಹೋಯಿತು, ಅಮ್ಮನ ಆಣೆ ಹೋಯಿತು, ಆ ಮುದುಕಿಗೆ ಉಪಕಾರ ಮಾಡಲು ಹೋಗಿ ನಾವು ಬೀದಿಪಾಲಾದೆವು ಎಂದೆ.

"ಕಾಣೋ ಕಣ್ಣನ್ನ ಕುರುಡು ಅಂದ್ರೆ ಹೆಂಗಮ್ಮ ಸುಮ್ಕಿರೋದು?" ಎಂದ. ಗಂಟನ್ನು ಇನ್ನೊಂದು ಕಂಕುಳಿಗೆ ಸರಿಸಿ, "ನಂದು ಅಂತ ಒಂದು ನೇಯ್ದೆ. ಅದುನ್ನ ನಾನೇ ಮಾವಿನಕಾಯಿ ಅನ್ಲಾ?" ಎಂದ.

ಅಮ್ಮನ ಬೈಗುಳವನ್ನು ಇಲ್ಲಿ ಬರೆಯುವುದಿಲ್ಲ, ಅರ್ಧ ತೆಲುಗಿನಲ್ಲಿತ್ತು. ಅಪ್ಪ ಮಾರನೆಯ ದಿನದಿಂದ ಮತ್ತೆ ಅಂಗಡಿಯವರ ಮಾವಿನಕಾಯಿಗೆ ಕೂತ. ಸೀರೆ ತಗಡಿನ ಪೆಟ್ಟಿಗೆ ಸೇರಿತು.

ನನ್ನ ಮದುವೆಗೆ ಅದೇ ಸೀರೆ ಹೊರಬಂತು. ಗಂಡ ಕಲ್ಯಾಣದುರ್ಗದ ಆಫೀಸೊಂದರಲ್ಲಿ ಗುಮಾಸ್ತ. ಧಾರೆಯ ಹೊತ್ತಿಗೆ ಅತ್ತೆ ನನ್ನ ನೆರಿಗೆ ಹಿಡಿದು ನೋಡಿ, "ಏನಮ್ಮ ಈ ಬುಟ್ಟಾ, ಚಂದ ಐತೆ?" ಎಂದು ಕೇಳಿದರು. ಅವರ ಹಿಂದೆ ಅಪ್ಪ ಅಕ್ಷತೆಯ ತಟ್ಟೆ ಹಿಡಿದು ನಿಂತಿದ್ದ. ನನ್ನ ಬಾಯಿಗೆ ಬಂದದ್ದು, "ಮಾವಿನಕಾಯಿ ಅತ್ತೆ." ಅತ್ತೆ ಲಿಂಗವಂತರಲ್ಲ, ಮೀನೆಂದಿದ್ದರೆ ಯಾವ ಆಕಾಶವೂ ಕಳಚಿ ಬೀಳುತ್ತಿರಲಿಲ್ಲ. ಹೊಸ ಸೊಸೆಯ ಹೆದರಿಕೆ, ಅಷ್ಟೆ. ಅಪ್ಪ ಒಂದು ಗಳಿಗೆ ನನ್ನನ್ನು ನೋಡಿ, ತಟ್ಟೆಯನ್ನು ಯಾರ ಕೈಗೋ ಕೊಟ್ಟು, ಬಡಿಸುವವರ ಕಡೆ ಹೋದ. ಆಮೇಲೆ ಆ ಮಾತನ್ನು ಎತ್ತಲಿಲ್ಲ. ಎತ್ತಿ ಬೈದಿದ್ದರೆ ಚೆನ್ನಾಗಿತ್ತು. ಬಹಳ ವರ್ಷ ಆ ಸೀರೆ ಉಡುವಾಗಲೆಲ್ಲ ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕು ಅನ್ನಿಸುತ್ತಿತ್ತು.

ತೊಂಬತ್ತರ ದಶಕದಲ್ಲಿ ನಾನು ಕಲ್ಯಾಣದುರ್ಗದ ಶಾಲೆಯೊಂದರಲ್ಲಿ ವಿಜ್ಞಾನದ ಟೀಚರಾದೆ. ಮೀನು ಕಾಣದ ಮಕ್ಕಳಿಗೆ ಮೀನಿನ ಪಾಠ ಹೇಳುವ ಕರ್ಮ ಈಗ ನನ್ನದು. ಅಪ್ಪನ ಕಣ್ಣು ಮಂಜಾಯಿತು. ಮಗ್ಗ ಬಿಚ್ಚಿ, ರಟ್ಟುಗಳನ್ನೆಲ್ಲ ಸೋಮಂದೇಪಲ್ಲಿಯ ನೇಕಾರನೊಬ್ಬನಿಗೆ ಕೊಟ್ಟುಬಿಟ್ಟ. ಮೀನಿನ ರಟ್ಟನ್ನು ಕೊಡುವಾಗ, "ಇದು ಮೀನು, ಕಣ್ಣು ಕೈಯಾಗೇ ಹಾಕ್ಬೇಕು" ಎಂದು ಎರಡು ಸಲ ಹೇಳಿದನಂತೆ. ಅವನು ಹೂಂ ಎಂದನಂತೆ. ನೇಯ್ದು ಅಂಗಡಿಗೆ ಹಾಕುವಾಗ ಏನೆಂದು ಹೇಳಿದ ಎಂಬುದನ್ನು ಊಹಿಸಲು ಡಿಗ್ರಿ ಬೇಕಿಲ್ಲ.

ನನ್ನ ತರಗತಿಯ ಹುಡುಗಿಯೊಬ್ಬಳು ತನ್ನ ಮಾವನ ಮದುವೆಗೆ ಕಾರ್ಡು ತಂದುಕೊಟ್ಟಳು. ನೋಡಿದರೆ ಅದೇ ಎಣ್ಣೆ ಸಾಹುಕಾರರ ಕೊನೆಯ ಮಗನ ಮದುವೆ. ಹುಡುಗಿ ಅವರ ಮಗಳ ಮಗಳು. ಅಪ್ಪ ನಮ್ಮಲ್ಲಿಗೆ ಬಂದಿದ್ದವನು, "ನಾನೂ ಬತ್ತೀನಿ, ಹೋಳಿಗೆ ತಿಂದು ಸಾನೆ ದಿನ ಆಯ್ತು," ಎಂದ. ಯಾರ ಮನೆಯ ಹೋಳಿಗೆ ಎಂದು ಹೇಳಿದೆ. ಹಾಗಾದರೆ ಬಂದೇ ಬರುತ್ತೇನೆ ಎಂದ. ನಾನು ಹಟಕ್ಕೆ ಬಿದ್ದವಳಂತೆ ಪೆಟ್ಟಿಗೆಯಿಂದ ಆ ಸೀರೆಯನ್ನೇ ತೆಗೆದು ಉಟ್ಟೆ.

ಛತ್ರದಲ್ಲಿ ಎಲೆಯ ಮುಂದೆ ಕೂತಿದ್ದೆವು. ಎರಡು ಸಾಲು ಆಚೆ ಸಾಹುಕಾರರು, ಮುದುಕರಾಗಿ, ವಿಭೂತಿ ಮಾತ್ರ ಹಾಗೆಯೇ ಇಟ್ಟುಕೊಂಡು, ಬೀಗರಿಗೆ ಉಪಚಾರ ಹೇಳುತ್ತಿದ್ದರು. ಹೋಳಿಗೆಯ ಬುಟ್ಟಿ ಹಿಡಿದು ನಮ್ಮ ಸಾಲಿಗೆ ಬಂದವಳು ಅವರ ಮಗಳು, ನನ್ನ ವಿದ್ಯಾರ್ಥಿನಿಯ ತಾಯಿ. ಆವತ್ತು ಬಾಗಿಲ ಮರೆಯಲ್ಲಿದ್ದ ಬಳೆಗಳು. ಮುಂದಿನ ಎಲೆಗೆ ಬಡಿಸಲು ಅವಳು ತಿರುಗಿದಾಗ ನೋಡಿದೆ, ಅವಳ ಬೆನ್ನ ಮೇಲೆ ಸಾಲು ಸಾಲಾಗಿ ನಮ್ಮ ಮೀನುಗಳು ಈಜುತ್ತಿದ್ದವು. ಕೆಂಪು ಕಣ್ಣು ಸಮೇತ.

ಅವಳೂ ನನ್ನ ಸೀರೆ ನೋಡಿದಳು. "ಟೀಚರ್, ನಿಮ್ದೂ ನಮ್ದೂ ಒಂದೇ ಮಾವಿನಕಾಯಿ!"

ಅಪ್ಪ ತಲೆ ಎತ್ತಲಿಲ್ಲ, ಎಲೆಯ ತುದಿಯ ಉಪ್ಪನ್ನು ನೋಡುತ್ತಿದ್ದ. ಅತ್ತೆಯೆದುರು ಬಾಯಿಗೆ ಬಂದದ್ದು ಈಗಲೂ ನಾಲಿಗೆಯ ತುದಿಯಲ್ಲೇ ಸಿದ್ಧವಾಗಿತ್ತು. ಅದನ್ನು ನುಂಗಿದೆ.

"ಮಾವಿನಕಾಯಲ್ಲ ಕಣಮ್ಮ, ಮೀನು," ಎಂದೆ. ಸ್ವಲ್ಪ ಜೋರಾಗಿಯೇ ಬಂತು. "ನಿಮ್ಮ ಮದುವೆಗೆ ಅಂತ ಇದನ್ನ ನೇಯ್ದಿದ್ದು ಇವರೇ. ನಮ್ಮಪ್ಪ."

ಅವಳು ಬುಟ್ಟಿಯನ್ನು ಸೊಂಟಕ್ಕೆ ಏರಿಸಿಕೊಂಡು ನಮ್ಮಿಬ್ಬರ ಮಧ್ಯೆ ಬಗ್ಗಿದಳು. "ನಂಗೊತ್ತು ಟೀಚರ್, ಮೀನು ಅಂತ," ಎಂದಳು ಮೆಲ್ಲಗೆ. "ಆವತ್ತು ನಾನು ಸೆರಗಿನ ಕಡೆ ಬಾಗ್ಲಾಗೆ ನಿಂತಿದ್ದೆ. ಗೂಡು ನೇಯ್ತದೆ, ಹೆಂಡ್ತೀಗೆ ಕಷ್ಟ ಕೊಡಲ್ಲ ಅಂತ ಇವ್ರು ಅಂದಿದ್ದು ಇವತ್ಗೂ ನೆಪ್ಪೈತೆ. ನಂಗೆ ಅದೇ ಬೇಕಿತ್ತು. ಹಂಸದ್ದು ಉಡ್ಸಿ ಕಳ್ಸಿದ್ರು. ಹೋದ ವರ್ಷ ಅಂಗಡೀಲಿ ಕಣ್ಣು ಕಂಡೇಟ್ಗೆ ಗುರ್ತು ಹಿಡಿದ್ಬುಟ್ಟೆ. ಅಂಗಡಿಯೋನು ಮಾವಿನಕಾಯಿ ಅಂದ, ಮನೇಲೂ ಮಾವಿನಕಾಯಿ ಅಂತ್ಲೇ ಹೇಳೀನಿ." ಆಮೇಲೆ ಎರಡು ಸಾಲು ಆಚೆ ಕಣ್ಣು ಹಾಯಿಸಿ, "ಊಟ ಆಗ್ಲಿ, ಗಟ್ಟಿಯಾಗಿ ಅನ್ಬ್ಯಾಡಿ. ನಮ್ಮಪ್ಪ ಅಲ್ಲೇ ಅವ್ರೆ," ಎಂದಳು.

ಅಪ್ಪ ಎಡಗೈ ಚಾಚಿದ. ಅವಳಿಗೆ ಅರ್ಥವಾಗಿ ಸೆರಗಿನ ತುದಿಯನ್ನು ಅವನ ಕೈಗೆ ಕೊಟ್ಟಳು. ಅಪ್ಪ ಸರಿಭಾಗ ನೋಡಲಿಲ್ಲ. ಮಗುಚಿ, ಉಲ್ಟಾ ಭಾಗವನ್ನು ಕಣ್ಣಿನ ಹತ್ತಿರ ತಂದು, ಹೆಬ್ಬೆರಳಿನಿಂದ ಒಂದು ಮೀನಿನ ಮೈ ಸವರಿದ. ಅವನು ತನ್ನ ಮೀನನ್ನು ಅರಿತದ್ದೇ ಆ ಕಡೆಯಿಂದ.

"ಕಣ್ಣು ಒಂದೆಳೆ ಕೆಳಕ್ಕೆ ಬಿದ್ದೈತೆ," ಎಂದ. "ಹೇಳಿದ್ದೆ ಆ ಸೋಮಂದೇಪಲ್ಲಿಯೋನಿಗೆ."

ಬೈಯುತ್ತಿದ್ದಾನೆ ಎಂದುಕೊಂಡು ನಾನು ನೋಡಿದರೆ ಅಪ್ಪ ಅಳುತ್ತಿದ್ದ. ಊಟದ ಎಲೆಯ ಮುಂದೆ, ನೂರು ಜನರ ನಡುವೆ, ಒಂದು ಚೂರೂ ನಾಚಿಕೆಯಿಲ್ಲದೆ. ಸೆರಗನ್ನು ಜೋಪಾನವಾಗಿ ಅವಳ ಕೈಗೆ ಹಿಂತಿರುಗಿಸಿ, ಮೂಗು ಒರೆಸಿಕೊಂಡು, ಎಲೆಯಲ್ಲಿದ್ದ ಹೋಳಿಗೆಯನ್ನು ತುಪ್ಪದಲ್ಲಿ ಅದ್ದಿ ಮುಗಿಸಿದ.

"ಇನ್ನೊಂದು ಇಕ್ಲಾ ತಾತ?" ಎಂದು ಕೇಳಿದಳು.

"ಇಕ್ಕು ತಾಯಿ," ಎಂದ ಅಪ್ಪ, ಎರಡು ಸಾಲು ಆಚೆಗೂ ಕೇಳುವಂತೆ. "ಮೀನಿನ ಹೆಸ್ರಾಗೆ ಒಂದು ಇಕ್ಕು."

ಸಾಹುಕಾರರು ತಿರುಗಿ ನೋಡಿದರು.